ಹಳೆಯ ಲಾವಾ ಲ್ಯಾಂಪಿನ ಮೇಣ ಅಷ್ಟು ಚಂದ ಏಳುತ್ತಿದ್ದುದೇಕೆ?

ನನ್ನ ಮೇಜಿನ ಮೇಲೆ ಎರಡು ಲಾವಾ ಲ್ಯಾಂಪ್‌ಗಳಿವೆ. ಗಾಜಿನ ಬಾಟಲಿಯೊಳಗಿನ ಬಣ್ಣದ ಮೇಣ ಬಲ್ಬಿನ ಬಿಸಿಗೆ ಮೆಲ್ಲಗೆ ಏರಿ ಇಳಿಯುವ ಅಲಂಕಾರದ ದೀಪಗಳು ಇವು. ಒಂದು 1970ರ ದಶಕದ ನಡುವಿನದು, ಅಮೆರಿಕದಲ್ಲಿ ತಯಾರಾದದ್ದು. ಯಾರ್ಯಾರದೋ ಕೈ ದಾಟಿ ನನ್ನ ಬಳಿ ಬಂದಿದೆ. ಬುಡದ ಚಿನ್ನದ ಬಣ್ಣ ಅಲ್ಲಲ್ಲಿ ಕಿತ್ತುಹೋಗಿ ಒಳಗಿನ ಲೋಹ ಕಾಣುತ್ತದೆ. ಬುಡಕ್ಕೆ ಕೊರೆದ ಸಣ್ಣ ಸಣ್ಣ ತೂತುಗಳಿಂದ ಬೆಳಕು ನಕ್ಷತ್ರಗಳ ಹಾಗೆ ಹೊರಗೆ ಸೂಸುತ್ತದೆ. ಇನ್ನೊಂದನ್ನು ನಾನೇ ಹೊಸದಾಗಿ ಕೊಂಡೆ. ಎರಡನ್ನೂ ಒಂದೇ ಹೊತ್ತಿಗೆ ಹಚ್ಚಿ, ಪಕ್ಕಪಕ್ಕ ಇಟ್ಟು ನೋಡುತ್ತ ಕೂರುವುದು ಕೆಲವು ತಿಂಗಳಿಂದ ನನಗೆ ಅಭ್ಯಾಸವಾಗಿಬಿಟ್ಟಿದೆ.

ಹಳೆಯದಕ್ಕೆ ಅವಸರವಿಲ್ಲ. ಮೊದಲ ಒಂದು ಗಂಟೆ ತಳದಲ್ಲಿ ಗಟ್ಟಿಯಾಗಿ ಕೂತ ಮೇಣ ಅಲುಗುವುದೇ ಇಲ್ಲ. ಆಮೇಲೆ ಅದರ ನೆತ್ತಿ ಬಿರಿದು, ಒಳಗೆ ಕರಗಿದ ಮೇಣ ಕಾಂಡದ ಹಾಗೆ ಮೇಲಕ್ಕೆ ನುಗ್ಗುತ್ತದೆ. ತಣ್ಣನೆಯ ದ್ರವ ಸೋಕಿದ್ದೇ ಅಲ್ಲೇ ಗಡುಸಾಗಿ ಸೊಟ್ಟಪಟ್ಟ ನಿಂತುಬಿಡುತ್ತದೆ. ಇನ್ನೂ ಒಂದು ಗಂಟೆ ಬಿಟ್ಟರೆ ಕಾಂಡ ಕುಸಿದು, ತಳವೆಲ್ಲ ಮೆತ್ತನೆಯ ಒಂದೇ ಗುಡ್ಡೆಯಾಗುತ್ತದೆ. ನಿಜವಾದ ಆಟ ಶುರುವಾಗುವುದು ಅಲ್ಲಿಂದ. ಗುಡ್ಡೆಯ ನಡುವೆ ಒಂದು ಉಬ್ಬು ಏಳುತ್ತದೆ, ಉಬ್ಬಿಗೆ ಕತ್ತು ಮೂಡುತ್ತದೆ, ಕತ್ತು ಸಣ್ಣಗಾಗುತ್ತ ದಾರದಷ್ಟಾಗಿ ಕಡಿದು ಮುಷ್ಟಿಗಾತ್ರದ ಮುದ್ದೆಯೊಂದು ಬಿಡಿಸಿಕೊಂಡು ಮೇಲೇರುತ್ತದೆ. ಮೇಲೆ ಹೋಗಿ ಅರೆನಿಮಿಷ ತಂಗುತ್ತದೆ. ಚಪ್ಪಟೆಯಾಗುತ್ತದೆ. ಮತ್ತೆ ಇಳಿಯುತ್ತದೆ. ಇಳಿಯುವ ಮುದ್ದೆ ಏರುವ ಮುದ್ದೆಯನ್ನು ಸವರಿಕೊಂಡು ಹೋಗುವ ಆ ಗಳಿಗೆಗಾಗಿಯೇ ಕೂತವರು ಎಷ್ಟೋ ಜನ.

ಹೊಸದು ನಲವತ್ತೇ ನಿಮಿಷದಲ್ಲಿ ಕರಗಿತು. ಖುಷಿಯಾಯಿತು. ಆದರೆ ಮೇಣ ಮುದ್ದೆಯಾಗಿ ಕಡಿದುಕೊಳ್ಳಲಿಲ್ಲ. ತಳದಿಂದ ತುದಿಯವರೆಗೆ ಒಂದೇ ಕಂಬವಾಗಿ ಎದ್ದು, ಬಹುಪಾಲು ಮೇಲೇ ಹೋಗಿ ಮುಚ್ಚಳದ ಹಾಗೆ ಕೂತಿತು. ತಳದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಹನಿಗಳು ನೂರಾರು ಉಳಿದವು. ಒಂದಕ್ಕೊಂದು ತಾಗಿದರೂ ಅವು ಕೂಡಿಕೊಳ್ಳಲಿಲ್ಲ. ದ್ರವವಂತೂ ಮೊದಲ ದಿನದಿಂದಲೇ ಮಬ್ಬು, ಗಾಜಿಗೆ ಉಸಿರು ಬಿಟ್ಟ ಹಾಗೆ. ಮಾರಿದವರಿಗೆ ಬರೆದೆ. ‘ನಾಲ್ಕೈದು ಸಲ ಹಚ್ಚಿ, ಸರಿಹೋಗುತ್ತದೆ’ ಎಂದರು. ಹತ್ತು ಸಲ ಹಚ್ಚಿದ ಮೇಲೂ ಅದೇ ಕಂಬ, ಅದೇ ಮಬ್ಬು.

ಲಾವಾ ಲ್ಯಾಂಪ್ ಇಷ್ಟಪಡುವವರಲ್ಲಿ ಈ ದೂರು ಹೊಸದಲ್ಲ. ಹಳೆಯ ದೀಪ ಹುಡುಕಿ ಹೆಚ್ಚು ದುಡ್ಡು ಕೊಡುವವರು ಇದ್ದಾರೆ. ‘ಆಗಿನ ಕಾಲದ ಸಾಮಾನೇ ಗಟ್ಟಿ’ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ನನಗೆ ಆ ಉತ್ತರ ಸಾಲದು. ಗಾಜು, ಲೋಹ, ಮೇಣ ಎಲ್ಲ ಅಂದೂ ಸಿಗುತ್ತಿತ್ತು, ಇಂದೂ ಸಿಗುತ್ತದೆ. ಹಾಗಿದ್ದರೆ ಕಳೆದುಹೋದದ್ದು ಏನು?

ಬಾಟಲಿಯೊಳಗಿನ ಲೆಕ್ಕ

ಈ ದೀಪವನ್ನು ಲೋಕಕ್ಕೆ ತಂದವರು ಎಡ್ವರ್ಡ್ ಕ್ರೇವನ್ ವಾಕರ್ ಎಂಬ ಇಂಗ್ಲಿಷ್ ಉದ್ಯಮಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಒಂದು ಪಬ್‌ನಲ್ಲಿ, ಮೊಟ್ಟೆ ಬೇಯುವ ಹೊತ್ತು ಅಳೆಯಲು ಯಾರೋ ಮಾಡಿಟ್ಟಿದ್ದ ಗಾಜಿನ ಸಾಧನ ಅವರ ಕಣ್ಣಿಗೆ ಬಿತ್ತು. ಒಳಗಿನ ದ್ರವ ಬಿಸಿಗೆ ಗುಳ್ಳೆಯಾಗಿ ಏಳುವುದನ್ನು ನೋಡಿ ತಲೆಗೆ ಹತ್ತಿಸಿಕೊಂಡ ಅವರು ವರ್ಷಗಟ್ಟಲೆ ಅದರ ಬೆನ್ನುಬಿದ್ದರು. ಶರಬತ್ತಿನ ಬಾಟಲಿಗಳಲ್ಲಿ ಮಿಶ್ರಣ ತುಂಬಿಸಿ ಪರೀಕ್ಷಿಸುತ್ತಿದ್ದರಂತೆ. 1963ರಲ್ಲಿ ‘ಆಸ್ಟ್ರೋ’ ಎಂಬ ರಾಕೆಟ್ ಆಕಾರದ ದೀಪ ಮಾರುಕಟ್ಟೆಗೆ ಬಂತು. ಇಂಗ್ಲೆಂಡಿನ ಪೂಲ್ ಪಟ್ಟಣದಲ್ಲಿ ‘ಕ್ರೆಸ್ಟ್‌ವರ್ತ್’ ಹೆಸರಿನಲ್ಲಿ ತಯಾರಿಕೆ ನಡೆಯಿತು. 1965ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಮೇಳದಲ್ಲಿ ಅದನ್ನು ಕಂಡ ಇಬ್ಬರು ಅಮೆರಿಕನ್ ಉದ್ಯಮಿಗಳು ತಮ್ಮ ದೇಶದ ಹಕ್ಕು ಕೊಂಡು ಶಿಕಾಗೋದಲ್ಲಿ ‘ಲಾವಾ ಲೈಟ್’ ಮಾಡಲು ಶುರುಮಾಡಿದರು. ಅಮೆರಿಕದ ಪೇಟೆಂಟ್ 1968ರಲ್ಲಿ ಸಿಕ್ಕಿತು.

ತತ್ವ ಮಕ್ಕಳಿಗೂ ಹೇಳಬಹುದಾದಷ್ಟು ಸರಳ. ಒಂದರೊಳಗೊಂದು ಬೆರೆಯದ ಎರಡು ವಸ್ತು ಬೇಕು: ಒಂದು ನೀರಿನಂಥ ದ್ರವ, ಇನ್ನೊಂದು ಮೇಣ. ತಣ್ಣಗಿದ್ದಾಗ ಮೇಣ ದ್ರವಕ್ಕಿಂತ ತುಸು ಭಾರ, ಆದ್ದರಿಂದ ತಳದಲ್ಲಿರುತ್ತದೆ. ಕೆಳಗಿನ ಬಲ್ಬಿನ ಬಿಸಿಗೆ ಕರಗಿ ಹಿಗ್ಗುತ್ತದೆ. ಹಿಗ್ಗಿದರೆ ಸಾಂದ್ರತೆ ಇಳಿಯುತ್ತದೆ, ಹಗುರಾಗಿ ಮೇಲೇರುತ್ತದೆ. ಮೇಲೆ ಬಿಸಿ ಕಡಿಮೆ. ತಣಿದು ಕುಗ್ಗಿ, ಭಾರವಾಗಿ ಮತ್ತೆ ಇಳಿಯುತ್ತದೆ.

ಸರಳತೆ ಅಲ್ಲಿಗೇ ಮುಗಿಯುತ್ತದೆ. ಬಿಸಿಗೆ ಹಿಗ್ಗುವುದು ಮೇಣ ಮಾತ್ರವಲ್ಲ, ಸುತ್ತಲಿನ ದ್ರವವೂ ಹಿಗ್ಗುತ್ತದೆ. ಮೇಣ ಏಳಬೇಕಾದರೆ ಅದು ದ್ರವಕ್ಕಿಂತ *ಹೆಚ್ಚು* ಹಿಗ್ಗಬೇಕು. ಎಷ್ಟು ಹೆಚ್ಚು ಎಂಬುದನ್ನು ಅಂಕಿಯಲ್ಲೇ ನೋಡೋಣ. ಒಂದು ಲೀಟರ್ ನೀರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 990 ಗ್ರಾಂ ತೂಗುತ್ತದೆ, 60 ಡಿಗ್ರಿಯಲ್ಲಿ 983 ಗ್ರಾಂ. ಅಂದರೆ 7 ಗ್ರಾಂ ಇಳಿಕೆ. ಕರಗಿದ ಪ್ಯಾರಾಫಿನ್ ಮೇಣ ಇದೇ 15 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚುಕಡಿಮೆ 12 ಗ್ರಾಂ ಹಗುರಾಗುತ್ತದೆ. ಇವೆರಡರ ಅಂತರ 5 ಗ್ರಾಂ. ಸಾವಿರ ಗ್ರಾಮಿಗೆ ಐದು! ಆ ಇಡೀ ಕುಣಿತ, ಏರುವುದು, ತಂಗುವುದು, ಇಳಿಯುವುದು, ಎಲ್ಲವೂ ನಡೆಯುವುದು ಈ ಅರ್ಧ ಶೇಕಡಾ ಜಾಗದೊಳಗೆ.

ಇದು ಎಷ್ಟು ಇಕ್ಕಟ್ಟಿನ ಜಾಗ ಎಂದು ತಿಳಿಯಲು ಒಂದು ಚಮಚ ಉಪ್ಪು ಸಾಕು. ಲೀಟರ್ ನೀರಿಗೆ 5 ಗ್ರಾಂ ಉಪ್ಪು ಕರಗಿಸಿದರೆ ನೀರಿನ ಸಾಂದ್ರತೆ ಲೀಟರಿಗೆ ಸುಮಾರು ಮೂರೂವರೆ ಗ್ರಾಂ ಏರುತ್ತದೆ. ನಮಗಿರುವ ಐದು ಗ್ರಾಂ ಅವಕಾಶದಲ್ಲಿ ಮುಕ್ಕಾಲು ಭಾಗಕ್ಕೆ ಹತ್ತಿರ ಅಲ್ಲೇ ಹೋಯಿತು. ಸರಿಯಾಗಿ ಹೊಂದಿದ್ದ ಬಾಟಲಿಯಲ್ಲಿ ಇಷ್ಟು ಏರುಪೇರಾದರೆ ಮೇಣ ಮೇಲೆ ಹೋಗಿ ಅಂಟಿಕೊಳ್ಳುತ್ತದೆ, ಇಳಿಯುವುದಿಲ್ಲ. ತಪ್ಪು ಇನ್ನೊಂದು ಕಡೆಗಾದರೆ ತಳ ಬಿಟ್ಟು ಏಳುವುದೇ ಇಲ್ಲ. ನನ್ನ ಹೊಸ ದೀಪದ ಕಂಬಕ್ಕೆ ಕಾರಣ ಇಷ್ಟೇ ಚಿಕ್ಕದಿರಬಹುದು. ಕಣ್ಣಿಗೆ ಕಾಣದ ಒಂದು ಚಮಚದಷ್ಟು.

ಸಾಂದ್ರತೆಯ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ: ಮೇಲ್ಮೈ ಒತ್ತಡ, ಅಂದರೆ ಮೇಣದ ಹನಿ ತನ್ನನ್ನು ತಾನೇ ಬಿಗಿಹಿಡಿದು ದುಂಡಗಿರುವಂತೆ ಮಾಡುವ ಎಳೆತ. ಅದು ಬಹಳ ಇದ್ದರೆ ಮುದ್ದೆ ಕಡಿದುಕೊಳ್ಳುವುದಿಲ್ಲ. ತೀರಾ ಕಡಿಮೆಯಾದರೆ ಮೇಣ ಪುಡಿಪುಡಿ ಹನಿಯಾಗಿ ಚದುರುತ್ತದೆ. ಇದನ್ನು ಹದಕ್ಕೆ ತರಲು ದ್ರವಕ್ಕೆ ಸೋಪಿನ ಗುಣದ ರಾಸಾಯನಿಕವನ್ನು ತೊಟ್ಟಿನ ಲೆಕ್ಕದಲ್ಲಿ ಸೇರಿಸುತ್ತಾರೆ. ತಳದಲ್ಲಿ ಸ್ಪ್ರಿಂಗಿನಂತೆ ಸುತ್ತಿದ ತಂತಿಯ ಬಳೆಯೊಂದು ಕಾಣುತ್ತದಲ್ಲ, ಅದು ಅಲಂಕಾರಕ್ಕಲ್ಲ. ಬಲ್ಬಿನ ಬಿಸಿಯನ್ನು ಮೇಣದೊಳಗೆ ಹರಡುವುದು ಒಂದು ಕೆಲಸ. ಮೇಲಿಂದ ಇಳಿದು ಬಂದ ಹನಿಗಳ ಮೇಲ್ಮೈಯನ್ನು ಒಡೆದು, ಮತ್ತೆ ಗುಡ್ಡೆಯೊಳಗೆ ಕೂಡಿಸಿಕೊಳ್ಳುವುದು ಇನ್ನೊಂದು, ಹೆಚ್ಚು ಮುಖ್ಯವಾದದ್ದು. ಆ ಬಳೆ ಓರೆಯಾಗಿ ಕೂತರೆ, ಅಥವಾ ಮೇಣದೊಡನೆ ಮೇಲೆದ್ದು ತೇಲಿದರೆ, ತಳದಲ್ಲಿ ಹನಿಗಳ ಸಂತೆ ನೆರೆಯುತ್ತದೆ. ನನ್ನ ಹೊಸ ದೀಪದ ಬಳೆ ಒಂದು ಬದಿಗೆ ವಾಲಿಕೊಂಡಿದೆ, ಅರ್ಧ ಮಾತ್ರ ತಳ ಮುಟ್ಟುತ್ತದೆ.

ಬಾಟಲಿಯ ಆಕಾರಕ್ಕೂ ಕೆಲಸವಿದೆ. ಮೇಲಕ್ಕೆ ಹೋದಂತೆ ಬಾಟಲಿ ಸಪೂರವಾದರೆ ಅಲ್ಲಿನ ದ್ರವಕ್ಕೆ ಹೋಲಿಸಿದಾಗ ಗಾಜಿನ ಮೈ ಹೆಚ್ಚು; ಬಿಸಿ ಬೇಗ ಹೊರಹೋಗುತ್ತದೆ, ಮೇಣ ತಣಿದು ಇಳಿಯುತ್ತದೆ. ನೇರ ಕೊಳವೆಯಂಥ ಅಥವಾ ಮೇಲೆ ದಪ್ಪನಾದ ಬಾಟಲಿಗೆ ಈ ಅನುಕೂಲವಿಲ್ಲ. ರಾಕೆಟ್ ಆಕಾರ ಆಕಾಶಯುಗದ ಫ್ಯಾಷನ್ ಎನ್ನುವುದು ಸರಿಯೇ. ಆದರೆ ಅದರಲ್ಲಿ ಭೌತಶಾಸ್ತ್ರವೂ ಕೂತಿದೆ.

ವಿಷ ಹೋಯಿತು, ಅದರ ಜೊತೆ ಒಂದು ಅನುಕೂಲವೂ ಹೋಯಿತು

ಪ್ಯಾರಾಫಿನ್ ಮೇಣ ನೀರಿಗಿಂತ ಹಗುರು. ಹಾಗೇ ಬಾಟಲಿಗೆ ಹಾಕಿದರೆ ತೇಲುತ್ತದೆ, ತಳಕ್ಕೆ ಇಳಿಯುವುದೇ ಇಲ್ಲ. ಅದನ್ನು ನೀರಿಗಿಂತ ಕೂದಲೆಳೆಯಷ್ಟು ಭಾರ ಮಾಡಬೇಕು. ಮೊದಲ ಪೇಟೆಂಟಿನ ಕಾಲದಲ್ಲಿ ಅದಕ್ಕೆ ಬಳಸಿದ್ದು ಕಾರ್ಬನ್ ಟೆಟ್ರಾಕ್ಲೋರೈಡ್. ನೀರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರದ ಈ ದ್ರವ ಮೇಣದಲ್ಲಿ ಚೆನ್ನಾಗಿ ಬೆರೆಯುತ್ತದೆ, ನೀರಿನಲ್ಲಿ ಬೆರೆಯುವುದಿಲ್ಲ. ಬಟ್ಟೆ ಡ್ರೈಕ್ಲೀನ್ ಮಾಡಲು, ಬೆಂಕಿ ಆರಿಸುವ ಸಿಲಿಂಡರುಗಳಲ್ಲಿ ಕೂಡ ಆಗ ಅದನ್ನು ಧಾರಾಳವಾಗಿ ಬಳಸುತ್ತಿದ್ದರು.

ಇದರ ಇನ್ನೊಂದು ಗುಣ ಅಷ್ಟಾಗಿ ಯಾರೂ ಹೇಳುವುದಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್ ಬಿಸಿಗೆ ವಿಪರೀತ ಹಿಗ್ಗುತ್ತದೆ. ದೀಪದ ಒಳಗಿನ ಬಿಸಿಯಲ್ಲಿ ನೀರು ಹಿಗ್ಗುವ ಪ್ರಮಾಣಕ್ಕಿಂತ ಎರಡೂವರೆ ಪಟ್ಟು. ಬರೀ ಮೇಣಕ್ಕಿಂತಲೂ ಹೆಚ್ಚು. ಹಾಗಾಗಿ ಅದು ಮೇಣಕ್ಕೆ ಭಾರವನ್ನೂ ಕೊಡುತ್ತಿತ್ತು, ಹಿಗ್ಗುವ ಶಕ್ತಿಯನ್ನೂ ಹೆಚ್ಚಿಸುತ್ತಿತ್ತು. ಮೇಲೆ ಹೇಳಿದ ಐದು ಗ್ರಾಮಿನ ಇಕ್ಕಟ್ಟು ಜಾಗ ಅದರಿಂದ ತುಸು ಅಗಲವಾಗುತ್ತಿತ್ತು. ಜಾಗ ಅಗಲವಾದರೆ ತಯಾರಿಕೆಯಲ್ಲಿ ಆಗುವ ಸಣ್ಣಪುಟ್ಟ ತಪ್ಪು ಹೊಟ್ಟೆಗೆ ಹಾಕಿಕೊಳ್ಳಲು ದೀಪಕ್ಕೆ ಸಾಧ್ಯ.

ಆದರೆ ಅದು ವಿಷ. ಯಕೃತ್ತನ್ನು ಹಾಳುಮಾಡುತ್ತದೆ. ಅಮೆರಿಕ 1970ರಲ್ಲಿ ಮನೆಬಳಕೆಯ ವಸ್ತುಗಳಲ್ಲಿ ಅದನ್ನು ನಿಷೇಧಿಸಿತು. ಮುಂದೆ ಓಝೋನ್ ಪದರವನ್ನು ತಿನ್ನುವ ರಾಸಾಯನಿಕಗಳ ಸಾಲಿಗೂ ಅದು ಸೇರಿತು. ಈ ನಿಷೇಧ ಪೂರಾ ಸರಿ. ಒಂದು ಅಲಂಕಾರದ ದೀಪಕ್ಕಾಗಿ ಅಂಥ ವಿಷ ಮನೆಯೊಳಗೆ ಇರಬೇಕಾಗಿಲ್ಲ. ಹಳೆಯ ದೀಪವೇ ಶ್ರೇಷ್ಠ ಎಂದು ವಾದಿಸುವವರು ಇದನ್ನು ನುಂಗಿಕೊಂಡು ಮಾತಾಡಬಾರದು. 1960ರ ದಶಕದ ಬಾಟಲಿ ಕೈಗೆ ಸಿಕ್ಕಿದರೆ ಮುಚ್ಚಳ ತೆಗೆಯಲೇಬೇಡಿ.

ಆಮೇಲೆ ಬಂದ ಮಿಶ್ರಣಗಳು ವ್ಯಾಪಾರದ ಗುಟ್ಟು. ದಾರಿಗಳು ಮಾತ್ರ ಎರಡೇ: ಮೇಣವನ್ನು ಬೇರಾವುದೋ ಭಾರದ ವಸ್ತುವಿನಿಂದ ಕೆಳಗೆಳೆಯಬೇಕು, ಇಲ್ಲವೇ ದ್ರವವನ್ನೇ ಮೇಣದ ಮಟ್ಟಕ್ಕೆ ಹಗುರ ಮಾಡಬೇಕು. ಕ್ಲೋರಿನ್ ಸೇರಿಸಿದ ಪ್ಯಾರಾಫಿನ್‌ನಂಥ ಭಾರದ ವಸ್ತುಗಳ ಮೇಲೂ ಈಚೆಗೆ ನಿರ್ಬಂಧ ಬಿಗಿಯಾಗಿದೆ. ಅವುಗಳಲ್ಲಿ ಒಂದು ವರ್ಗವನ್ನು 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬಹುಕಾಲ ಕರಗದೆ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದರು. ಅಂದರೆ ಲಾವಾ ಮಾಡುವವನ ಕೈಯಲ್ಲಿದ್ದ ಸಾಮಗ್ರಿಗಳು ದಶಕದಿಂದ ದಶಕಕ್ಕೆ ಕಡಿಮೆಯಾಗುತ್ತ ಬಂದಿವೆ.

ಹಾಗಾದರೆ ವಿಷ ಹೋದದ್ದೇ ಕಾರಣವೇ? ಅಲ್ಲ. ನನ್ನ ಮೇಜಿನ ಮೇಲಿನ ಹಳೆಯ ದೀಪ ಆ ನಿಷೇಧದ ನಂತರದ್ದು. ಆದರೂ ಅದು ಸೊಗಸಾಗಿ ಏಳುತ್ತದೆ, ಇಳಿಯುತ್ತದೆ.

ಮಾಡಲು ನಿಮಿಷ, ನೋಡಲು ಮೂರು ಗಂಟೆ

ನನಗೆ ತಿಳಿದ ಮಟ್ಟಿಗೆ ವಿಷಯದ ತಿರುಳು ಇಲ್ಲಿದೆ. ಲಾವಾ ಲ್ಯಾಂಪಿನ ಬಾಟಲಿ ತುಂಬಿಸಿ ಮುಚ್ಚಳ ಹೊಡೆಯಲು ಕೆಲವೇ ನಿಮಿಷ ಸಾಕು. ಆದರೆ ಅದು ಚೆನ್ನಾಗಿದೆಯೇ ಎಂದು ತಿಳಿಯಲು ಹಚ್ಚಿಟ್ಟು ಎರಡು ಮೂರು ಗಂಟೆ ಕಾಯಬೇಕು. ಬೇರೆ ದಾರಿಯಿಲ್ಲ. ಟೇಬಲ್ ಲ್ಯಾಂಪ್ ಆದರೆ ಸ್ವಿಚ್ ಒತ್ತಿದ ತಕ್ಷಣ ಗೊತ್ತಾಗುತ್ತದೆ. ಇದು ಹಾಗಲ್ಲ.

ಪ್ಯಾರಾಫಿನ್ ಮೇಣ ಕಚ್ಚಾ ತೈಲದಿಂದ ಬರುವ ಪದಾರ್ಥ. ಅದು ಒಂದೇ ಅಣುವಲ್ಲ, ಉದ್ದಗಿಡ್ಡ ಅಣುಗಳ ಗುಂಪು. ಒಂದು ದರ್ಜೆಯ ಮೇಣ 46 ಡಿಗ್ರಿಯ ಸುಮಾರಿಗೆ ಕರಗಿದರೆ ಇನ್ನೊಂದು 60 ದಾಟಿದ ಮೇಲೆ ಕರಗುತ್ತದೆ. ಒಂದೇ ದರ್ಜೆ ಎಂದು ಬರೆದಿದ್ದರೂ ಈ ಸಲದ ಲೋಡಿಗೂ ಮುಂದಿನ ಸಲದ ಲೋಡಿಗೂ ತುಸು ವ್ಯತ್ಯಾಸವಿರುತ್ತದೆ. ಮೇಣದಬತ್ತಿ ಮಾಡುವವನಿಗೆ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅರ್ಧ ಶೇಕಡಾದಲ್ಲಿ ಬದುಕುವ ದೀಪಕ್ಕೆ ಅದೇ ಸಾವು ಬದುಕಿನ ಪ್ರಶ್ನೆ. ನೀರಿನಲ್ಲಿ ಕರಗಿದ ಲವಣ ಬದಲಾದರೂ ಹಾಗೇ, ಬಣ್ಣದ ಪುಡಿ ಬದಲಾದರೂ ಹಾಗೇ.

ಆದ್ದರಿಂದ ಒಳ್ಳೆಯ ದೀಪ ಬರೀ ಸೂತ್ರದಿಂದ ಹುಟ್ಟುವುದಿಲ್ಲ. ಪ್ರತಿ ಸಲದ ಮಿಶ್ರಣಕ್ಕೂ ಮಾದರಿ ಬಾಟಲಿ ತುಂಬಿಸಿ, ಹಚ್ಚಿ, ಯಾರಾದರೂ ಎದುರು ಕೂತು ನೋಡಬೇಕು. ಮುದ್ದೆ ಎಷ್ಟು ಹೊತ್ತಿಗೆ ಕಡಿಯಿತು, ಮೇಲೆ ಎಷ್ಟು ತಂಗಿತು, ಇಳಿದ ಮೇಲೆ ಕೂಡಿತೇ ಎಂದು ಗಮನಿಸಿ, ತುಸು ಅದು ತುಸು ಇದು ಸೇರಿಸಿ, ಮತ್ತೆ ಹಚ್ಚಿ ನೋಡಬೇಕು. ಮಿಶ್ರಣ ಮಾಡುವ ಕೋಣೆಯಲ್ಲೇ ವರ್ಷಗಟ್ಟಲೆ ಕಳೆದವರಿಗೆ ಈ ಕೈಹದ ಬರುತ್ತದೆ. ಕಾಗದದ ಮೇಲೆ ಬರೆದು ಕೊಡಬಹುದಾದ ವಿದ್ಯೆ ಇದಲ್ಲ.

ಅಮೆರಿಕದ ದೀಪಗಳ ತಯಾರಿಕೆ 2000ರ ದಶಕದ ಮೊದಲ ವರ್ಷಗಳಲ್ಲಿ ಶಿಕಾಗೋ ಬಿಟ್ಟು ಚೀನಾಕ್ಕೆ ಹೋಯಿತು. ಸಂಗ್ರಾಹಕರು ‘ಆಗಿನದು, ಈಗಿನದು’ ಎಂದು ಗೆರೆ ಎಳೆಯುವುದು ಸಾಮಾನ್ಯವಾಗಿ ಇಲ್ಲೇ. ಇದನ್ನು ‘ಚೀನಾ ಮಾಲು’ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಜಗತ್ತಿನ ಅತಿ ಸೂಕ್ಷ್ಮವಾದ ಯಂತ್ರಗಳು ಅಲ್ಲೇ ತಯಾರಾಗುತ್ತವೆ. ಕುಶಲತೆಗೆ ಅಲ್ಲಿ ಬರವಿಲ್ಲ. ತೊಂದರೆ ಇರುವುದು ಬೆಲೆಯಲ್ಲಿ. ದೀಪವನ್ನು ಆಟದ ಸಾಮಾನಿನ ಬೆಲೆಗೆ ಇಳಿಸಿದ ಮೇಲೆ ಮಾದರಿ ಬಾಟಲಿಯ ಎದುರು ಮೂರು ಗಂಟೆ ಕೂರುವವನ ಸಂಬಳ ಆ ಬೆಲೆಯಲ್ಲಿ ಹಿಡಿಸುವುದಿಲ್ಲ. ಮಿಶ್ರಣ ಮಾಡುವುದು ಒಂದು ಕಡೆ, ಬುಡ ಮಾಡುವುದು ಇನ್ನೊಂದು ಕಡೆ, ಬಲ್ಬ್ ಮೂರನೆಯವನಿಂದ ಎಂದಾದರೆ ಮೂರನ್ನೂ ಜೊತೆಗಿಟ್ಟು ನೋಡುವ ಮೊದಲ ಮನುಷ್ಯ ಕೊಂಡವನೇ ಆಗಿಬಿಡುತ್ತಾನೆ.

ಇದಕ್ಕೆ ಎದುರು ಸಾಕ್ಷಿಯೂ ಇದೆ. ಕ್ರೇವನ್ ವಾಕರ್ ಅವರ ಕಂಪನಿಯನ್ನು 1989ರಲ್ಲಿ ಕ್ರೆಸಿಡಾ ಗ್ರೇಂಜರ್ ಮತ್ತು ಡೇವಿಡ್ ಮಲ್ಲಿ ಕೈಗೆತ್ತಿಕೊಂಡರು. 1992ರಲ್ಲಿ ಅದಕ್ಕೆ ‘ಮ್ಯಾಥ್‌ಮೋಸ್’ ಎಂಬ ಹೆಸರು ಬಂತು. ಆಸ್ಟ್ರೋ ಈಗಲೂ ಇಂಗ್ಲೆಂಡಿನಲ್ಲೇ, ಪೂಲ್ ಪಟ್ಟಣದಲ್ಲೇ ತಯಾರಾಗುತ್ತದೆ. ಬೆಲೆ ಹೆಚ್ಚು. ಬಾಟಲಿಯನ್ನಷ್ಟೇ ಬದಲಿಯಾಗಿಯೂ ಮಾರುತ್ತಾರೆ. ಅದರ ಹರಿವಿನ ಬಗ್ಗೆ ಸಂಗ್ರಾಹಕರಲ್ಲಿ ಒಳ್ಳೆಯ ಮಾತಿದೆ. ವಿಷದ ದ್ರಾವಕವಿಲ್ಲದೆ, ಇಂದಿನ ನಿಯಮಗಳೊಳಗೇ, ಒಳ್ಳೆಯ ದೀಪ ಮಾಡಬಹುದು ಎನ್ನುವುದಕ್ಕೆ ಇಷ್ಟು ಸಾಕು.

ಮಬ್ಬು ಎಲ್ಲಿಂದ ಬರುತ್ತದೆ

ಹೊಸ ದೀಪಗಳ ಬಗ್ಗೆ ಅತಿ ಹೆಚ್ಚು ಕೇಳಿಬರುವ ದೂರು ಮಬ್ಬಿನದು. ಹೆಚ್ಚಿನವರು ಅದನ್ನು ಕೊಳೆ ಎಂದುಕೊಳ್ಳುತ್ತಾರೆ. ಬಹುತೇಕ ಸಲ ಅದು ಮೇಣವೇ. ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ದ್ರವದಲ್ಲಿ ತೇಲುತ್ತಿರುತ್ತದೆ. ಆ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ದ್ರವ ಹಾಲು ಬೆರೆಸಿದ ಹಾಗೆ ಕಾಣುತ್ತದೆ. ಎಮಲ್ಷನ್ ಎನ್ನುವುದು ಇದನ್ನೇ.

ಬಿಸಿಯಿರುವಾಗ ದೀಪ ಅಲುಗಾಡಿದರೆ ಎಮಲ್ಷನ್ ಆಗುತ್ತದೆ. ಒಂದೇ ಸಲ ಜೋರಾಗಿ ಕುಲುಕಿದರೂ ಸಾಕು. ಸೋಪಿನ ಗುಣದ ರಾಸಾಯನಿಕ ಹೆಚ್ಚಿದ್ದರೆ ಇನ್ನೂ ಸುಲಭ, ಏಕೆಂದರೆ ಹನಿಗಳನ್ನು ಮತ್ತೆ ಕೂಡಲು ಬಿಡದೆ ಸುತ್ತುವರಿಯುವುದೇ ಅದರ ಸ್ವಭಾವ. ಕಾರ್ಖಾನೆಯಿಂದ ಕೊಂಡವರ ಮನೆಗೆ ಸಾವಿರಾರು ಕಿಲೋಮೀಟರ್ ದೂರ ಆದಾಗ ಈ ಅಪಾಯ ಹೆಚ್ಚುತ್ತದೆ. ಬಿಸಿಲಿಗೆ ಕಾದ ಹಡಗಿನ ಕಂಟೇನರಿನೊಳಗೆ 50 ಡಿಗ್ರಿ ದಾಟುವುದುಂಟು. ಕಡಿಮೆ ಬಿಸಿಗೇ ಕರಗುವ ಮೇಣ ಅಷ್ಟಕ್ಕೆ ಮೆತ್ತಗಾಗುತ್ತದೆ. ಬೇಗ ಕರಗಲಿ ಎಂದು ಕಡಿಮೆ ಬಿಸಿಯ ಮೇಣ ಬಳಸಿದ್ದರೆ ಅದೇ ಮುಳುವಾಗುತ್ತದೆ. ನನ್ನ ದೀಪ ನಲವತ್ತು ನಿಮಿಷದಲ್ಲಿ ಕರಗಿದಾಗ ಆದ ಖುಷಿಯ ಬಗ್ಗೆ ಈಗ ನನಗೆ ಬೇರೆಯೇ ಅನುಮಾನವಿದೆ.

ಬಣ್ಣದ ಕಥೆ ಚಿಕ್ಕದು. ಬಣ್ಣ ಬಿಸಿಲಿಗೆ ಮಾಸುತ್ತದೆ, ಹಳೆಯದರಲ್ಲೂ ಹೊಸದರಲ್ಲೂ. ಈಗಿನ ಕೆಲವು ಮಾದರಿಗಳಲ್ಲಿ ದ್ರವಕ್ಕೆ ಬಣ್ಣವೇ ಇರುವುದಿಲ್ಲ, ಗಾಜಿನ ಹೊರಮೈಗೆ ಬಳಿದಿರುತ್ತಾರೆ. ಮಾಸುವುದಿಲ್ಲ, ಆದರೆ ಗೀರು ಬೀಳುತ್ತದೆ. ಮೇಣದ ನಿಜವಾದ ಬಣ್ಣ ಕಾಣುವುದಿಲ್ಲ. ನನಗೆ ಅದು ಹಿಡಿಸದು.

ಬಲ್ಬ್ ಎಂಬ ಒಲೆ

ಲಾವಾ ಲ್ಯಾಂಪಿಗೆ ಬಲ್ಬ್ ಬೆಳಕು ಕೊಡುವುದು ಎರಡನೆಯ ಮಾತು. ಮೊದಲು ಅದು ಒಲೆ. ಹಳೆಯ ಟಂಗ್‌ಸ್ಟನ್ ಬಲ್ಬ್ ತಾನು ಪಡೆದ ವಿದ್ಯುತ್ತಿನಲ್ಲಿ ಹತ್ತನೇ ಒಂದು ಪಾಲನ್ನೂ ಬೆಳಕಾಗಿಸುವುದಿಲ್ಲ, ಉಳಿದದ್ದೆಲ್ಲ ಬಿಸಿ. ಬೆಳಕಿನ ದೃಷ್ಟಿಯಿಂದ ದಂಡ, ಈ ದೀಪಕ್ಕೆ ಜೀವ. ಸಾಮಾನ್ಯ ಗಾತ್ರದ ದೀಪಗಳಿಗೆ 25ರಿಂದ 40 ವಾಟಿನ ಬಲ್ಬ್ ಬಳಸುತ್ತಾರೆ.

ಐರೋಪ್ಯ ಒಕ್ಕೂಟ 2009ರಿಂದ ಇಂಥ ಬಲ್ಬುಗಳನ್ನು ಹಂತಹಂತವಾಗಿ ಮಾರುಕಟ್ಟೆಯಿಂದ ತೆಗೆಯತೊಡಗಿತು, ಬೇರೆ ದೇಶಗಳೂ ಅದೇ ಹಾದಿ ಹಿಡಿದವು. ವಿದ್ಯುತ್ ಉಳಿಸಲು ಅದು ಬೇಕಾಗಿತ್ತು. ಆದರೆ ಲಾವಾ ಲ್ಯಾಂಪಿಗೆ ಎಲ್ಇಡಿ ಹಾಕಿದರೆ ಮೇಣ ತಳದಲ್ಲೇ ಕಲ್ಲಾಗಿ ಕೂರುತ್ತದೆ. ಸಿಕ್ಕಿದ ಬಲ್ಬ್ ಹಾಕುವವರು ಹೆಚ್ಚಾಗಿದ್ದಾರೆ. ವಾಟ್ ಒಂದೇ ಇದ್ದರೂ ಬಿಸಿ ಬೀಳುವ ಜಾಗ ಒಂದೇ ಇರುವುದಿಲ್ಲ. ಬೆನ್ನಿಗೆ ಕನ್ನಡಿಯಿರುವ ಬಲ್ಬ್ ಬಿಸಿಯನ್ನೆಲ್ಲ ನೇರ ಬಾಟಲಿಯ ತಳಕ್ಕೆ ಕಳಿಸುತ್ತದೆ, ಸಾದಾ ಬಲ್ಬ್ ಅರ್ಧದಷ್ಟನ್ನು ಬುಡಕ್ಕೇ ಸುರಿಯುತ್ತದೆ. ವೋಲ್ಟೇಜ್ ಶೇಕಡಾ 10 ಏರಿದರೆ ಇಂಥ ಬಲ್ಬ್ ಸುಮಾರು ಶೇಕಡಾ 16 ಹೆಚ್ಚು ವಿದ್ಯುತ್ ಹೀರುತ್ತದೆ. ಬಿಸಿಯೂ ಅಷ್ಟೇ ಏರುತ್ತದೆ. ಐದು ಗ್ರಾಮಿನ ಲೆಕ್ಕ ನೆನಪಿದ್ದರೆ, ಅಷ್ಟು ಬಿಸಿ ಏನು ಮಾಡೀತೆಂದು ಹೇಳಬೇಕಾಗಿಲ್ಲ. ಇಡೀ ಬಾಟಲಿ ಕಾಯುತ್ತದೆ, ಮೇಲೂ ಕೆಳಗೂ ಬಿಸಿಯ ಅಂತರ ಉಳಿಯುವುದಿಲ್ಲ, ಮೇಣ ಮೇಲೇ ಉಳಿಯುತ್ತದೆ.

ಆದ್ದರಿಂದ ಹೊಸ ದೀಪವನ್ನು ಕೆಟ್ಟದ್ದೆಂದು ತೀರ್ಮಾನಿಸುವ ಮೊದಲು ಬಿಸಿಯನ್ನು ಪರೀಕ್ಷಿಸುವುದು ನ್ಯಾಯ. ಟಂಗ್‌ಸ್ಟನ್ ಬಲ್ಬಿಗೆ ಒಂದು ಡಿಮ್ಮರ್ (ಬಲ್ಬಿಗೆ ಹೋಗುವ ವಿದ್ಯುತ್ತನ್ನು ಏರಿಸಿ ಇಳಿಸುವ ಸಾಧನ) ಜೋಡಿಸಿ, ಮೇಣ ಪೂರ್ತಿ ಕರಗಿದ ಮೇಲೆ ಸ್ವಲ್ಪ ಸ್ವಲ್ಪವೇ ತಗ್ಗಿಸಿ, ಪ್ರತಿ ಸಲವೂ ಅರ್ಧ ಗಂಟೆ ಕಾಯಬೇಕು. ಕೋಣೆಯ ಬಿಸಿಯೂ ಮುಖ್ಯ. 20ರಿಂದ 25 ಡಿಗ್ರಿಯ ಕೋಣೆಗೆ ಹೊಂದಿಸಿದ ದೀಪ ಚಳಿಯಲ್ಲಿ ಸೋಮಾರಿಯಾಗುತ್ತದೆ, ಸೆಕೆಯಲ್ಲಿ ಮೇಲೇ ಅಂಟಿಕೊಳ್ಳುತ್ತದೆ. ಎಂಟು ಹತ್ತು ಗಂಟೆಗಿಂತ ಹೆಚ್ಚು ಉರಿಸಬಾರದು. ಮಬ್ಬಾಗಿದ್ದರೆ ಹಲವು ದಿನ ಆರಿಸಿ, ಅಲುಗಾಡಿಸದೆ ಬಿಟ್ಟರೆ ಕೆಲವೊಮ್ಮೆ ತಿಳಿಯಾಗುತ್ತದೆ. ಬೇಗ ಕರಗಲಿ ಎಂದು ಒಲೆಯ ಮೇಲೆ ಇಡುವ ಯೋಚನೆ ಮಾತ್ರ ಯಾರಿಗೂ ಬರದಿರಲಿ: ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2004ರಲ್ಲಿ ಹಾಗೆ ಮಾಡಿದ ಯುವಕನೊಬ್ಬ ಬಾಟಲಿ ಸಿಡಿದು ಜೀವ ಕಳೆದುಕೊಂಡ. ಮುಚ್ಚಿದ ಬಾಟಲಿಯೊಳಗೆ ಹಿಗ್ಗಲು ಇರುವುದು ಕತ್ತಿನ ಬಳಿಯ ಚೂರೇ ಚೂರು ಗಾಳಿ.

ಉಳಿದವು ಮಾತ್ರ ಕಾಣುತ್ತವೆ

ಹಳೆಯದರ ಪರ ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ಅರ್ಧ ಶತಮಾನ ದಾಟಿ ನಮ್ಮ ಕೈಗೆ ಬಂದ ದೀಪಗಳು ಆಗ ತಯಾರಾದ ಎಲ್ಲ ದೀಪಗಳ ಪ್ರತಿನಿಧಿಗಳಲ್ಲ. ಮೊದಲ ವಾರವೇ ಮಬ್ಬಾದದ್ದು, ಏಳದೇ ಹೋದದ್ದು, ಸೋರಿದ್ದು ಆಗಲೇ ಕಸದ ಬುಟ್ಟಿ ಸೇರಿವೆ. ಚೆನ್ನಾಗಿ ಏಳುತ್ತಿದ್ದುದನ್ನು ಜನ ಎತ್ತಿಟ್ಟುಕೊಂಡರು. ಐವತ್ತು ವರ್ಷದ ಈ ಸೋಸುವಿಕೆಯನ್ನು ದಾಟಿ ಬಂದ ಒಂದನ್ನು, ನಿನ್ನೆ ಡಬ್ಬಿಯಿಂದ ತೆಗೆದ ಒಂದರ ಪಕ್ಕ ಇಟ್ಟು ಹೋಲಿಸುತ್ತೇವೆ. ಹೊಸದಕ್ಕೆ ಇದು ಪೂರಾ ನ್ಯಾಯವಲ್ಲ. ಹಳೆಯವೂ ಮುಪ್ಪಾಗುತ್ತವೆ: ಸೋಡಾ ಬಾಟಲಿಗೆ ಹೊಡೆಯುವಂಥ ಬಿರಡೆಯ ಸಂದಿನಿಂದ ದ್ರವ ಆರುತ್ತ ಮಟ್ಟ ಇಳಿಯುತ್ತದೆ, ಬಣ್ಣ ಮಾಸಿಹೋಗುತ್ತದೆ. ನನ್ನದರಲ್ಲೂ ದ್ರವ ಎರಡು ಬೆರಳು ಕೆಳಗಿಳಿದಿದೆ.

ಹಾಗಂತ ಗುಣಮಟ್ಟ ಇಳಿದಿಲ್ಲ ಎಂದಲ್ಲ. ಸೋಸುವಿಕೆಯ ಪಾಲನ್ನು ಕಳೆದರೂ ಉಳಿಯುವ ಕೊರತೆ ಇದೆ: ವಾಲಿದ ಬಳೆ, ಮೊದಲ ದಿನದ ಮಬ್ಬು, ಮಿಶ್ರಣಕ್ಕೆ ಹೊಂದದ ಬಲ್ಬ್. ಇವು ವಯಸ್ಸಿನಿಂದ ಬಂದವಲ್ಲ, ಡಬ್ಬಿಯೊಳಗೇ ಬಂದವು. ಒಬ್ಬರು ಒಂದು ಸಂಜೆ ಕೂತು ನೋಡಿದ್ದರೆ ಸಿಕ್ಕಿಬೀಳುತ್ತಿದ್ದ ತಪ್ಪುಗಳು.

ಕೊಳ್ಳುವವರು ಗಮನಿಸಬಹುದಾದ್ದು ಇಷ್ಟು. ಬಾಟಲಿ ಮೇಲಕ್ಕೆ ಸಪೂರವಾಗಿದೆಯೇ ನೋಡಿ. ತಳದ ಬಳೆ ಸಮವಾಗಿ ಕೂತಿರಬೇಕು. ತಣ್ಣಗಿರುವಾಗಲೇ ದ್ರವ ಮಬ್ಬಾಗಿದ್ದರೆ ಬೇಡ. ಬದಲಿ ಬಲ್ಬ್ ಯಾವುದೆಂದು ಸ್ಪಷ್ಟವಾಗಿ ಬರೆದಿರಬೇಕು, ಅದು ಮುಂದೆಯೂ ಸಿಗುವಂತಿರಬೇಕು. ಹಳೆಯದನ್ನು ಕೊಳ್ಳುವುದಾದರೆ ಹಚ್ಚಿ ಮೂರು ಗಂಟೆಯಾದ ಮೇಲೆ ತೆಗೆದ ವಿಡಿಯೋ ಕೇಳಿ. ತಣ್ಣಗಿನ ಫೋಟೋ ಏನನ್ನೂ ಹೇಳುವುದಿಲ್ಲ. ಬಾಟಲಿಯನ್ನು ತಣ್ಣಗಿರುವಾಗಲೇ, ನೆಟ್ಟಗೆ ನಿಲ್ಲಿಸಿ ಸಾಗಿಸಬೇಕು.

ನನ್ನ ಹೊಸ ದೀಪಕ್ಕೆ ಡಿಮ್ಮರ್ ಹಾಕಿ ಒಂದು ವಾರ ಪ್ರಯತ್ನಿಸಿದೆ. ಮೂರನೆಯ ಸಂಜೆ ಕಂಬದ ನಡುವೆ ಮೊದಲ ಸಲ ಕತ್ತು ಮೂಡಿತು. ಐದನೆಯ ಸಂಜೆ ಅದು ಕಡಿದು, ಒಂದು ಮುದ್ದೆ ಬಿಡಿಸಿಕೊಂಡು ಮೇಲೆ ಹೋಗಿ, ತಂಗಿ, ಇಳಿದು ಬಂತು. ನಾನು ಎದ್ದು ನಿಂತುಬಿಟ್ಟಿದ್ದೆ. ತಳದ ಸಣ್ಣ ಹನಿಗಳು ಹಾಗೇ ಇವೆ, ಬಳೆ ವಾಲಿಯೇ ಇದೆ. ಮಬ್ಬೂ ಇದೆ, ಇಳಿಯುವ ಮುದ್ದೆ ಅದರೊಳಗೆ ಸ್ವಲ್ಪ ಹೊತ್ತು ಮಸುಕಾಗಿ, ಗಾಜಿನ ಹತ್ತಿರ ಬಂದಾಗ ಮಾತ್ರ ಕೆಂಪಗೆ ಕಾಣುತ್ತದೆ.